ನಾಲ್ಕು ಗಂಟೆಯ ಜಾಗ

ಅಂಚು ಇನ್ನೂ ಸ್ವಲ್ಪ ಒರಟಾಗಬೇಕಿತ್ತು. ಪರದೆಯ ಮೇಲಿನ ಗುಂಡನೆಯ ಗೆರೆಯನ್ನು ಪೆನ್ನಿನ ತುದಿಯಿಂದ ಒಂದು ಕಡೆ ಒಳಕ್ಕೆ ಒತ್ತಿ, ಇನ್ನೊಂದು ಕಡೆ ಹೊರಕ್ಕೆ ಎಳೆದು ಅವಳು ಗಂಟಿಗೆ ಒಂದು ಆಕಾರ ಕೊಟ್ಟಳು. ಪಕ್ಕದ ಸ್ಲೈಡರುಗಳಲ್ಲಿ ಗಾತ್ರವನ್ನು ಕಡಲೆಕಾಳಿನಷ್ಟಕ್ಕೆ ಇಳಿಸಿ, ಸಾಂದ್ರತೆಯನ್ನು ಏರಿಸಿ, ಹೆಂಗಸಿನ ವಯಸ್ಸನ್ನು ಅರವತ್ತರ ಆಸುಪಾಸಿಗೆ ತಂದು ಗುಂಡಿ ಒತ್ತಿದಳು. ಪರದೆಯ ತುಂಬ ಯಾರೋ ಬೂದಿ ಎರಚಿದ ಹಾಗಾಯಿತು. ಆಮೇಲೆ ಬೂದಿಯ ಕಣಗಳು ಒಂದೊಂದಾಗಿ ತಮ್ಮ ಜಾಗ ಹುಡುಕಿಕೊಂಡು ಸರಿದವು. ಕಪ್ಪಿನಲ್ಲಿ ಒಂದು ಬಾಗಿದ ಅಂಚು ಮೂಡಿತು, ಅದರೊಳಗೆ ಮಂಜಿನಂಥ ಬಿಳಿ, ಬಿಳಿಯೊಳಗೆ ಎಳೆಎಳೆಯಾಗಿ ನಾಳಗಳು, ಅವುಗಳ ನಡುವೆ ಅವಳು ಹೇಳಿದ ಕಡೆಯೇ, ಅವಳು ಹೇಳಿದಷ್ಟೇ ದಪ್ಪದ ಗಂಟು. ಯಾವ ತಾಯಿಯೂ ಹೆರದ ಒಬ್ಬ ಹೆಂಗಸಿನ ಎದೆ. ಹತ್ತಿರ ಬಾಗಿ ನೋಡಿದಳು. ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗದ ನಾಳ ಇದೆಯೇ, ಚರ್ಮ ಎಲ್ಲಾದರೂ ಎರಡು ಪದರವಾಗಿದೆಯೇ, ಯಂತ್ರ ಎಡವುವುದು ಇಂಥಲ್ಲೇ. ಇಲ್ಲ, ಚೆನ್ನಾಗಿ ಬಂದಿತ್ತು. ಕೆಳಗಿನ ಖಾನೆಯಲ್ಲಿ ಇದು ಯಾವ ಬಗೆಯ ಗಂಟು, ಮುಂದೇನು ಮಾಡಬೇಕು ಎಂದು ಬರೆದು ಉಳಿಸಿದಳು. ಇಪ್ಪತ್ತು ವರ್ಷ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಕೂತು, ನಿಜವಾದ ಹೆಂಗಸರ ಎದೆಯ ಎಕ್ಸ್‌ರೇ ಚಿತ್ರಗಳಲ್ಲಿ ಗಂಟು ಹುಡುಕಿದವಳು ಅವಳು. ಈಗ ಈ ಕಂಪನಿಯಲ್ಲಿ, ಇಲ್ಲದ ಹೆಂಗಸರ ಎದೆಯಲ್ಲಿ ಗಂಟು ಇಡುತ್ತಾಳೆ. ಇಂಥ ಚಿತ್ರಗಳನ್ನು ಸಾವಿರಗಟ್ಟಲೆ ನೋಡಿಸಿ ಇನ್ನೊಂದು ಪ್ರೋಗ್ರಾಮಿಗೆ ಪಾಠ ಹೇಳಿಕೊಡುತ್ತಾರೆ. ಅದು ಕಲಿತು ಆಸ್ಪತ್ರೆಗಳಿಗೆ ಹೋಗಿ ನಿಜವಾದ ಗಂಟುಗಳನ್ನು ಹುಡುಕುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಅವಳಿಗೆ ಒಂದು ಬಗೆಯ ರಜೆಯಂತಿತ್ತು. ಆಸ್ಪತ್ರೆಯಲ್ಲಿದ್ದಾಗ ಪ್ರತಿ ಚಿತ್ರದ ಹಿಂದೆ ಹೊರಗಿನ ಬೆಂಚಿನಲ್ಲಿ ಕೂತ ಒಬ್ಬಳು ಇರುತ್ತಿದ್ದಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲು ತೆರೆದಾಗಲೆಲ್ಲ ತಲೆಯೆತ್ತಿ, ಡಾಕ್ಟರ ಮುಖದಲ್ಲಿ ಏನು ಬರೆದಿದೆ ಎಂದು ಓದಲು ನೋಡುವವಳು. ಇಲ್ಲಿ ಬೆಂಚು ಇಲ್ಲ. ಮುಖವನ್ನು ಕಲ್ಲು ಮಾಡಿಕೊಳ್ಳುವ ಅಗತ್ಯ ಇಲ್ಲ. ಗಂಟು ಕೆಟ್ಟದ್ದೇ ಆದರೂ ಯಾರಿಗೂ ಹೇಳಬೇಕಾಗಿಲ್ಲ. ಸಂಜೆ ಕಂಪ್ಯೂಟರ್ ಮುಚ್ಚಿದರೆ ಅಷ್ಟೂ ಹೆಂಗಸರು ನೋವಿಲ್ಲದೆ ಮಾಯವಾಗುತ್ತಾರೆ. ಹಿಂದಿನ ಮೇಜಿನಲ್ಲಿ ಕೂರುವ ಪ್ರೋಗ್ರಾಮರ್ ಹುಡುಗಿ ಮೊದಲ ವಾರವೇ ಹೇಳಿದ್ದಳು: "ದೇವರು ಹಣೆಬರಹ ಬರೀತಾನೆ, ನೀವು ಎದೆಬರಹ ಬರೀತೀರಿ ಡಾಕ್ಟ್ರೇ. ಅವನಿಗಿಂತ ನಿಮ್ಮ ಅಕ್ಷರ ಚೆನ್ನಾಗಿದೆ." ಸದಾ ಏನಾದರೂ ಮೆಲ್ಲುತ್ತ, ಒಂದು ಕಡೆ ಕೂರದೆ ಮೇಜಿಂದ ಮೇಜಿಗೆ ಹಾರುವ ಆ ಹುಡುಗಿಯನ್ನು ಆಫೀಸಿನವರೆಲ್ಲ ಗುಬ್ಬಿ ಅಂತಲೇ ಕರೆಯುತ್ತಿದ್ದರು.

ಗುಬ್ಬಿ ಈಗ ಲ್ಯಾಪ್‌ಟಾಪನ್ನು ತಟ್ಟೆಯ ಹಾಗೆ ಅಂಗೈ ಮೇಲಿಟ್ಟುಕೊಂಡು ಬಂದಳು. "ಡಾಕ್ಟ್ರೇ, ಒಂದು ತಮಾಷೆ ತೋರಿಸ್ಲಾ?"

"ಕೆಲಸ ಇಲ್ವಾ ನಿಂಗೆ?"

"ಇದೇ ಕೆಲಸ. ನೀವು ಈಚಿನ ತಿಂಗಳಲ್ಲಿ ಇಟ್ಟಿರೋ ಗಂಟುಗಳನ್ನೆಲ್ಲ ಒಂದರ ಮೇಲೊಂದು ಹಾಕಿ ನೋಡಿದೆ. ಎಡದ್ದನ್ನೂ ಬಲಕ್ಕೆ ತಿರುಗಿಸಿ, ಎಲ್ಲಾ ಒಂದೇ ನಕ್ಷೆ ಮೇಲೆ."

ಪರದೆಯ ಮೇಲೆ ಒಂದು ವೃತ್ತ, ಅದರ ತುಂಬ ಕೆಂಪು ಹೊಗೆ. ಎದೆಯ ನಕ್ಷೆಯನ್ನು ವೈದ್ಯರು ಗಡಿಯಾರದ ಮುಖದಂತೆ ಓದುತ್ತಾರೆ. ಗಂಟು ಹನ್ನೊಂದು ಗಂಟೆಯ ಜಾಗದಲ್ಲಿದೆ, ಎಂಟು ಗಂಟೆಯ ಜಾಗದಲ್ಲಿದೆ ಎನ್ನುತ್ತಾರೆ. ಕಂಕುಳಿನ ಕಡೆ, ಮೇಲೆ, ಹೊಗೆ ದಟ್ಟವಾಗಿತ್ತು. ಅಲ್ಲೇ ಹೆಚ್ಚು ಬರುವುದು, ಸರಿ. ಉಳಿದೆಡೆ ತೆಳ್ಳಗೆ ಹರಡಿತ್ತು. ಆದರೆ ಕೆಳಗೆ ಒಳಮೂಲೆಯಲ್ಲಿ, ಎದೆಮೂಳೆಯ ಹತ್ತಿರ, ನಾಲ್ಕು ಗಂಟೆಯ ಜಾಗದಲ್ಲಿ ಏನೂ ಇರಲಿಲ್ಲ. ತೆಳುವಾಗಿಯೂ ಇರಲಿಲ್ಲ. ಹೊಗೆ ಅಲ್ಲಿವರೆಗೆ ಬಂದು, ಬಿಸಿ ತಾಗಿದಂತೆ ಹಿಂದೆ ಸರಿದಿತ್ತು.

"ನೋ ಪಾರ್ಕಿಂಗ್ ಬೋರ್ಡ್ ಹಾಕಿದ್ದೀರಾ ಇಲ್ಲಿ?" ಎಂದಳು ಗುಬ್ಬಿ. "ಅಥವಾ ನಾಲ್ಕು ಗಂಟೆ ಅಂದ್ರೆ ನಿಮಗೆ ಟೀ ಟೈಮಾ?"

"ಅಲ್ಲಿ ಗಂಟು ಬರೋದು ಕಡಿಮೆ." ತನ್ನ ದನಿ ಪಾಠ ಹೇಳುವವರ ದನಿಯಂತಿದ್ದುದು ಅವಳಿಗೇ ಕೇಳಿಸಿತು. "ಯಾವ ಪುಸ್ತಕ ಬೇಕಾದ್ರೂ ತೆಗೆದು ನೋಡು."

"ಕಡಿಮೆ, ಒಪ್ಪಿದೆ. ಸೊನ್ನೆ ಅಲ್ವಲ್ಲ. ಮೊದಲು ನೀವೂ ಅಲ್ಲೊಂದು ಇಲ್ಲೊಂದು ಹಾಕ್ತಿದ್ರಿ. ನೋಡಿ, ಇದು ಚಳಿಗೆ ಮುಂಚಿಂದು." ಬೆರಳಾಡಿಸಿದಳು, ಮೂಲೆಯಲ್ಲಿ ಕೆಂಪು ಚುಕ್ಕಿಗಳು ಎದ್ದವು. "ಇದು ಚಳಿ ಶುರುವಾದ ಮೇಲೆ." ಚುಕ್ಕಿಗಳು ಆರಿದವು. "ಅಲ್ಲಿಂದೀಚೆಗೆ ಒಂದೂ ಇಲ್ಲ. ಆಮೇಲೆ ನಾವು ಹಳೇ ಚಿತ್ರಗಳನ್ನ ತೆಗೆದುಹಾಕಿ ಬರೀ ಹೊಸದ್ರಲ್ಲೇ ಪಾಠ ಮಾಡಿಸಿದ್ವಲ್ಲ, ಹಂಗಾಗಿ ಪ್ರೋಗ್ರಾಮಿಗೆ ಈ ಮೂಲೆ ಅನ್ನೋದು ಇದೆ ಅಂತಲೇ ಗೊತ್ತಿಲ್ಲ."

ಚಳಿ ಶುರುವಾದ ಮೇಲೆ. ಅವಳ ಬಲಗೈ ಮೇಜಿನಿಂದ ತಾನಾಗಿ ಎದ್ದು ಎದೆಯ ಕಡೆಗೆ ಅರ್ಧ ದಾರಿ ಬಂದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೈಯನ್ನು ಅಲ್ಲಿಂದಲೇ ತಿರುಗಿಸಿ ನೀರಿನ ಬಾಟಲಿ ಎತ್ತಿಕೊಂಡಳು, ಮುಚ್ಚಳ ತೆಗೆಯದೆ ಕುಡಿಯಲು ಹೋದಳು. ಗುಬ್ಬಿ ನಕ್ಕಳು. ಅವಳೂ ನಕ್ಕಳು. ಬಚ್ಚಲುಮನೆಯ ಹಬೆಯಲ್ಲಿ ಸೋಪು ಜಾರಿತ್ತು ಅವತ್ತು, ಚಳಿ ಶುರುವಾದ ದಿನಗಳಲ್ಲಿ. ಜಾರಿದ ಸೋಪನ್ನು ಹಿಡಿಯಲು ಹೋದ ಬೆರಳು ಬಲಗಡೆಯ ಎದೆಯ ಕೆಳಗೆ, ಒಳಬದಿಯಲ್ಲಿ ನಿಂತುಬಿಟ್ಟಿತು. ಸೋಪು ನೆಲಕ್ಕೆ ಬಿತ್ತು, ಬೆರಳು ಮಾತ್ರ ಅಲ್ಲೇ. ಚರ್ಮದ ಕೆಳಗೆ ಒಂದು ನೆನೆಯದ ಕಾಳು. ಒತ್ತಿದರೆ ಜಾರಿಕೊಳ್ಳಲಿಲ್ಲ. ಜಾರಿಕೊಂಡಿದ್ದರೆ ಒಳ್ಳೆಯದು, ಆಟವಾಡುವ ಗಂಟು ಸಾಧು ಗಂಟು, ಎಷ್ಟು ಹೆಂಗಸರಿಗೆ ಅವಳೇ ಈ ಮಾತು ಹೇಳಿಲ್ಲ! ಇದು ಬೇರು ಬಿಟ್ಟಂತೆ ಕೂತಿತ್ತು. ಒಮ್ಮೆ ಮುಟ್ಟಿದಳು. ಎರಡನೆಯ ಸಲ ಮುಟ್ಟಿದರೆ ಅದು ಪರೀಕ್ಷೆಯಾಗುತ್ತದೆ, ಪರೀಕ್ಷೆಯಾದರೆ ಫಲಿತಾಂಶ ಇರುತ್ತದೆ. ನೀರು ಹೊಯ್ದುಕೊಂಡು, ಒರೆಸಿಕೊಂಡು, ಟವೆಲನ್ನು ಯಾವತ್ತಿಗಿಂತ ನೀಟಾಗಿ ಮಡಚಿ ಹಾಕಿ ಹೊರಗೆ ಬಂದಿದ್ದಳು. ಅಂದಿನಿಂದ ಆ ಬದಿಯನ್ನು ಕೈಯಿಂದ ತೊಳೆಯುವುದನ್ನೇ ಬಿಟ್ಟು, ಮೈಯುಜ್ಜುವ ಬಟ್ಟೆಯನ್ನು ದಪ್ಪಗೆ ಮಡಚಿ ಬಳಸುತ್ತಿದ್ದಾಳೆ. ಗಂಡನಿಗೆ ಹೇಳಿಲ್ಲ. ತನಗೂ ಹೇಳಿಕೊಂಡಿಲ್ಲ ಎಂದೇ ಅಂದುಕೊಂಡಿದ್ದಳು. ಆದರೆ ಕೈಗೆ ಗೊತ್ತಿತ್ತು. ಕೈ ಇಷ್ಟು ತಿಂಗಳೂ ಪೆನ್ನು ಹಿಡಿದು, ಸಾವಿರ ಹೆಂಗಸರ ಎದೆಯ ಮೇಲೆ, ಆ ಒಂದು ಜಾಗವನ್ನು ಬಳಸಿಕೊಂಡು ಹೋಗಿತ್ತು.

"ಯಾಕೆ ಈಗ ಇದನ್ನ ಹುಡುಕಿದ್ದು?" ಎಂದು ಕೇಳಿದಳು.

ಗುಬ್ಬಿಯ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. "ಪ್ರೋಗ್ರಾಮನ್ನ ಒಂದು ಆಸ್ಪತ್ರೇಲಿ ಪರೀಕ್ಷೆಗೆ ಇಟ್ಟಿದ್ವಲ್ಲ. ಇಬ್ರು ಹೆಂಗಸರಿಗೆ 'ಏನೂ ಇಲ್ಲ' ಅಂತ ಹೇಳಿಬಿಟ್ಟಿದೆ. ಇದ್ದಿದ್ದು ಇಬ್ರಿಗೂ ಇದೇ ಮೂಲೇಲಿ. ಎರಡನೇ ಸಲ ನೋಡೋ ಡಾಕ್ಟ್ರಿಗೆ ಕಾಣಿಸ್ತು, ಸದ್ಯ." ಆಮೇಲೆ, ತಪ್ಪು ತನ್ನದೇ ಎಂಬಂತೆ, "ಸಾರ್ ಮೀಟಿಂಗ್ ಕರ್ದಿದಾರೆ ಡಾಕ್ಟ್ರೇ. ಈಗಲೇ," ಎಂದಳು.

ಮೀಟಿಂಗ್ ಕೋಣೆಯ ಗಾಜಿನ ಗೋಡೆಯ ಮೇಲೆ ಹಿಂದಿನ ಯಾವುದೋ ಚರ್ಚೆಯ ಬಾಣದ ಗುರುತುಗಳು ಅರ್ಧಂಬರ್ಧ ಅಳಿಸಿಕೊಂಡು ಉಳಿದಿದ್ದವು. ಮುಖ್ಯಸ್ಥ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಯಾರನ್ನಾದರೂ ಬೈಯಬೇಕಾದಾಗ ಅವರ ಲೋಟಕ್ಕೆ ತಾನೇ ನೀರು ಬಗ್ಗಿಸುವ ಅಭ್ಯಾಸ ಅವನಿಗೆ. ಅವಳ ಲೋಟಕ್ಕೆ ನೀರು ಬಗ್ಗಿಸಿದ. ಗೋಡೆಯ ಪರದೆಯ ಮೇಲೆ ಆ ಕೆಂಪು ವೃತ್ತ, ಒಬ್ಬರ ಎತ್ತರದಷ್ಟು ದೊಡ್ಡದಾಗಿ. ಆ ಖಾಲಿ ಜಾಗದ ಎದುರು ನಾಲ್ಕೈದು ಜನ ಕೂತಿದ್ದರು, ಎಲ್ಲರೂ ಅದನ್ನೇ ನೋಡುತ್ತಿದ್ದರು. ತನ್ನನ್ನು ಬಟ್ಟೆ ಬಿಚ್ಚಿಸಿ ಅಲ್ಲಿ ನಿಲ್ಲಿಸಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಎದೆಯ ಮೇಲೆ ಕೈಕಟ್ಟಿಕೊಂಡಳು. ಹಾಗೆ ಕಟ್ಟಿಕೊಂಡರೆ ಗುಟ್ಟು ಗೊತ್ತಾಗುತ್ತದೆ ಎಂದು ಬಿಟ್ಟಳು.

"ಯಾರನ್ನೂ ದೂರ್ತಿಲ್ಲ ಮೇಡಂ," ಎಂದ ಮುಖ್ಯಸ್ಥ. "ಕಾರಣ ಗೊತ್ತಾದ್ರೆ ಸಾಕು. ನೀವು ಬೇಕಂತ ಬಿಟ್ಟಿದ್ದಾ?"

"ಇಲ್ಲ."

"ಹಾಗಾದ್ರೆ?"

ಎಲ್ಲರೂ ಕಾದರು. ಅವರ ಮುಖಗಳಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ಇದ್ದದ್ದು ವಯಸ್ಸಾದವರಿಗೆ ದಾರಿ ಬಿಡುವಾಗಿನ ಸೌಜನ್ಯ. ನಾನು ಡಾಕ್ಟರು, ನನಗೆ ಅಲ್ಲಿ ಗಂಟಿದೆ, ನಾನು ತೋರಿಸಿಕೊಂಡಿಲ್ಲ. ವಾಕ್ಯ ಅಷ್ಟೇ. ಇಷ್ಟು ಸಣ್ಣ ವಾಕ್ಯವನ್ನು ನಾಲಿಗೆ ಎತ್ತಲಾರದೆ ಹೋಯಿತು.

"ಮಣಿಕಟ್ಟು ನೋವು," ಎಂದಳು. "ಬಲಗೈದು. ಕೆಳಗೆ ಒಳಗಡೆ ಗೆರೆ ಎಳೀಬೇಕಾದ್ರೆ ಕೈ ತಿರುಚಬೇಕಾಗುತ್ತೆ. ಗೊತ್ತಿಲ್ದೇನೇ ತಪ್ಪಿಸ್ಕೊಂಡು ಹೋಗಿದೀನಿ ಅನ್ಸುತ್ತೆ."

ಕೋಣೆಯೇ ಉಸಿರು ಬಿಟ್ಟಂತಾಯಿತು. ಅಯ್ಯೋ, ಮೊದಲೇ ಹೇಳಬಾರದಿತ್ತೇ, ಪೆನ್ನಿನದ್ದೇ ಕಾಟ, ಕುರ್ಚಿಯ ಎತ್ತರ ಸರಿಯಿಲ್ಲ, ನಮ್ಮ ಅತ್ತಿಗೆಗೂ ಹೀಗೇ ಆಗಿತ್ತು. ಸುಳ್ಳಿಗೆ ಸಿಕ್ಕ ಮರ್ಯಾದೆ ಅವಳ ಇಪ್ಪತ್ತು ವರ್ಷದ ಓದಿಗೆ ಸಿಕ್ಕಿರಲಿಲ್ಲ. ಗುಬ್ಬಿ ಓಡಿಹೋಗಿ ತನ್ನ ಬ್ಯಾಗಿನಿಂದ ಮಣಿಕಟ್ಟಿಗೆ ಸುತ್ತುವ ಪಟ್ಟಿ ತಂದು, "ಶಟಲ್ ಆಡೋವಾಗ ಹಾಕ್ಕೋತೀನಿ, ತೊಳ್ದಿದೀನಿ" ಎಂದು ಪ್ರಮಾಣ ಮಾಡಿ, ಅವಳ ಆರೋಗ್ಯವಾದ ಮಣಿಕಟ್ಟಿಗೆ ತಾನೇ ಸುತ್ತಿದಳು. "ಬಿಗಿ ಆಯ್ತಾ?" "ಇಲ್ಲ, ಸರಿಯಾಗಿದೆ." ಮುಖ್ಯಸ್ಥ, ಪ್ರೋಗ್ರಾಮು ಆಸ್ಪತ್ರೆಗಳಿಗೆ ಹೋಗುವುದನ್ನು ಮುಂದಕ್ಕೆ ಹಾಕುತ್ತೇನೆ, ಈ ವಾರ ಮೇಡಂ ಆ ಮೂಲೆಯ ಚಿತ್ರಗಳನ್ನೇ ಮಾಡಲಿ, ನಿಧಾನವಾಗಿ, ಕೈ ನೋಡಿಕೊಂಡು, ಎಂದ. "ಬೇಡ ಅಂದ್ರೆ ಗುರುತು ಹಾಕೋದನ್ನೂ ಯಂತ್ರಕ್ಕೇ ಬಿಟ್ಟುಬಿಡಬಹುದು. ನಿಮ್ಮ ಕೈಗೆ ರೆಸ್ಟು."

"ಬೇಡ, ನಾನೇ ಹಾಕ್ತೀನಿ," ಎಂದಳು.

ಆ ಇಬ್ಬರು ಯಾರಿರಬಹುದು? ಮೇಜಿಗೆ ಮರಳುವಾಗ ಅವರು ಅವಳ ಎರಡು ಪಕ್ಕದಲ್ಲೂ ನಡೆದು ಬರುತ್ತಿದ್ದರು, ಹೆಸರಿಲ್ಲದೆ, ಕೈಚೀಲ ಹಿಡಿದುಕೊಂಡು. 'ಏನೂ ಇಲ್ಲ' ಎಂಬ ಕಾಗದ ಕೈಗೆ ಬಂದಾಗ ಒಬ್ಬಳು ಮನೆಗೆ ಫೋನು ಮಾಡಿರಬೇಕು. ಇನ್ನೊಬ್ಬಳು ಯಾರಿಗೂ ಹೇಳದೆ ಬಂದಿದ್ದಳೇನೋ; ಹಾಗೆ ಬಂದವಳು ಹೊರಗೆ ಬಿಸಿಲಿನಲ್ಲಿ ಒಂದು ಗಳಿಗೆ ನಿಂತು, ಅಳು ಬಂದದ್ದಕ್ಕೆ ನಾಚಿ, ಏನಾದರೂ ತಿನ್ನಲು ಕೊಂಡಿರಬೇಕು. ಎರಡನೆಯ ಸಲ ನೋಡುವ ಡಾಕ್ಟರು ಅಂದು ರಜೆ ಹಾಕಿದ್ದರೆ? ಇಬ್ಬರಲ್ಲಿ ಒಬ್ಬಳಾದರೂ ಬಚ್ಚಲಲ್ಲಿ ತನ್ನ ಬೆರಳಿಗೆ ಸಿಕ್ಕದ್ದನ್ನು ನಂಬಿ ಧೈರ್ಯ ಮಾಡಿ ಬಂದಿದ್ದಳು ಎಂದರೆ, ಯಂತ್ರ ಅವಳ ಬೆರಳಿಗೆ ಸುಳ್ಳುಗಾತಿ ಪಟ್ಟ ಕಟ್ಟಿತ್ತು. ಯಂತ್ರಕ್ಕೇನು ಗೊತ್ತು. ಕಲಿಸಿದ ಕೈ ಎಲ್ಲಿ ಕುರುಡೋ ಕಲಿತದ್ದೂ ಅಲ್ಲಿ ಕುರುಡು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುವುದು ಅದರ ಪಾಡು. ಊರಿನವರ ಕಣ್ಣನ್ನೂ ಮುಚ್ಚಿಸಿ ಕುಡಿದಿದ್ದಳು ಅವಳು.

ಪಟ್ಟಿ ಕಟ್ಟಿದ ಕೈಯಲ್ಲಿ ಪೆನ್ನು ಹಿಡಿದಳು. ನಕ್ಷೆಯ ಮೇಲೆ, ನಾಲ್ಕು ಗಂಟೆಯ ಜಾಗದ ಹತ್ತಿರ ಬಂದಾಗ ಕೈ ನಿಜವಾಗಿಯೂ ತಡೆಯಿತು. ಮಣಿಕಟ್ಟು ನೋಯುತ್ತಲೂ ಇದೆಯೇನೋ ಎಂದು ಒಂದು ಕ್ಷಣ ಅನ್ನಿಸಿತು. ಗೆರೆ ಎಳೆದಳು. ದುಂಡನೆಯದು, ಸಾಧುವಾದದ್ದು. ಬೂದಿ ಎರಚಿತು, ಸರಿಯಿತು, ಎದೆ ಬಂತು. ಎರಡನೆಯದು. ಮೂರನೆಯದು. ಆಮೇಲೆ ಕೈ ಓಡತೊಡಗಿತು. ಊಟಕ್ಕೂ ಹೋಗಲಿಲ್ಲ. ಎಲ್ಲರೂ ಕೆಳಗೆ ಹೋದಾಗ ಆಫೀಸು ತುಂಬ ಯಂತ್ರಗಳ ಸಣ್ಣ ಗುಂಯ್ ಸದ್ದು ಉಳಿಯಿತು. ಆಗ, ಬೇರೆ ಯಾರೋ ಮಾಡುವುದನ್ನು ನೋಡುವಂತೆ, ತನ್ನ ಕೈ ವಯಸ್ಸಿನ ಸ್ಲೈಡರನ್ನು ತನ್ನ ವಯಸ್ಸಿಗೆ ತರುವುದನ್ನು ನೋಡಿದಳು. ಮೈಕಟ್ಟು, ತನ್ನದು. ಒಂದು ಮಗು ಹೆತ್ತದ್ದು, ಹೌದು. ಬಲಗಡೆ. ಗಾತ್ರ ಎಷ್ಟು? ಬೆರಳು ನೆನಪಿಟ್ಟುಕೊಂಡಿತ್ತು, ಸ್ಲೈಡರು ಅದು ಹೇಳಿದಲ್ಲಿ ನಿಂತಿತು. ಅಂಚಿನ ಸ್ಲೈಡರನ್ನು ಪೂರ್ತಿ ನುಣುಪಿನ ಕಡೆಗೆ ಎಳೆದು ಗುಂಡಿ ಒತ್ತಿದಳು.

ಬಂದ ಚಿತ್ರ ಸುಂದರವಾಗಿತ್ತು. ಮಂಜಿನಲ್ಲಿ ಒಂದು ಮುತ್ತು. ಸುತ್ತ ಏನೂ ಎಳೆದಿಲ್ಲ, ಏನೂ ಸುಕ್ಕಾಗಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ನೋಡಿದರೆ ಸಾಕು ಎಂದು ಬರೆಯಬಹುದಾದ, ಬರೆದು ಮುಂದಿನ ಚಿತ್ರಕ್ಕೆ ಹೋಗಬಹುದಾದ ಗಂಟು. ಅವಳ ಮೈ ಸಡಿಲವಾಯಿತು. ಹೆಗಲು ಇಳಿಯಿತು. ಎಷ್ಟೋ ವಾರಗಳ ಮೇಲೆ ಹೊಟ್ಟೆಯ ತಳದವರೆಗೆ ಉಸಿರು ಹೋಯಿತು. ಹಸಿವು ಕೂಡ ಆಯಿತು. ನೋಡಿದೆಯಾ, ಸುಮ್ಮನೆ ಹೆದರಿದ್ದೆ ಎಂದು ತನಗೇ ಹೇಳಿಕೊಳ್ಳುವಷ್ಟು ದೂರ ಹೋಗಿ, ಅಲ್ಲಿ ಗಕ್ಕನೆ ನಿಂತಳು. ತಾನೇ ಅಂಚನ್ನು ನುಣುಪು ಮಾಡಿ, ತಾನೇ ಅದನ್ನು ನೋಡಿ, ಬದುಕಿದೆ ಎಂದುಕೊಂಡಿದ್ದಳು. ಇದಕ್ಕಿಂತ ತಾಯತ ಕಟ್ಟಿಸಿಕೊಂಡು ಬರುವವರು ವಾಸಿ. ಅವರು ತಾಯತವನ್ನು ಬೇರೆಯವರಿಂದಲಾದರೂ ಕಟ್ಟಿಸಿಕೊಳ್ಳುತ್ತಾರೆ.

ಅವಳು ಡಾಕ್ಟರಿಕೆ ಓದುತ್ತಿದ್ದ ದಿನಗಳ ಒಂದು ಬೆಳಿಗ್ಗೆ, ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಪ್ರೊಫೆಸರು ಮುಂದೆ, ಬಿಳಿ ಕೋಟಿನ ಹುಡುಗ ಹುಡುಗಿಯರು ಹಿಂದೆ. ಕಿಟಕಿಯ ಹತ್ತಿರದ ಮಂಚದ ಪರದೆ ಸರಿಸಿದಾಗ ಅಮ್ಮ ಕೂತಿದ್ದಳು. ಅವಳು ಹಾಸ್ಟೆಲಿನಲ್ಲಿದ್ದಳು, ಕೊನೆಯ ವರ್ಷ. ಅಮ್ಮ ದಾಖಲಾದದ್ದು ಗೊತ್ತೇ ಇರಲಿಲ್ಲ. ಪ್ರೊಫೆಸರು ಬಟ್ಟೆ ಸರಿಸಿದರು. ಎದೆಯ ಚರ್ಮ ಆಗಲೇ ಒಡೆದಿತ್ತು. "ಎಷ್ಟು ದಿನದಿಂದಮ್ಮಾ ಇದು?" "ನಿನ್ನೆ ಮೊನ್ನೆಯಿಂದ ಸಾರ್." ಯಾರೋ ಕಿಸಕ್ಕೆಂದರು. ಪ್ರೊಫೆಸರು ಹಿಂದಕ್ಕೆ ತಿರುಗಿ, "ನೋಡಿ, ಇದೇ ನಮ್ಮ ಜನದ ಹಣೆಬರಹ" ಎಂದರು. ಅವಳು ಎತ್ತರದ ಹುಡುಗನೊಬ್ಬನ ಬೆನ್ನ ಹಿಂದೆ ನಿಂತಿದ್ದಳು. ಮುಂದೆ ಬರಲಿಲ್ಲ. ಅಮ್ಮ ಅವಳನ್ನು ನೋಡಿದ್ದಳು. ನೋಡಿ, ಗುರುತೇ ಇಲ್ಲದವಳ ಹಾಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಮಗಳ ಮರ್ಯಾದೆ ಉಳಿಸಲು. ಮುಂದೆ ತಾನೇ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಿದ ವರ್ಷಗಳಲ್ಲಿ, "ಒಬ್ಬ ರೋಗಿ ಇದ್ದಳು, ಚರ್ಮ ಒಡೆಯೋವರೆಗೂ ಯಾರಿಗೂ ಹೇಳಲಿಲ್ಲ, ಅಷ್ಟು ತಿಳಿವಳಿಕೆ ಇಲ್ಲದವಳು" ಎಂದು ಎಷ್ಟು ಸಲ ಹೇಳಿದ್ದಳೋ. ಪ್ರತಿ ಸಲವೂ ತರಗತಿ ಸದ್ದಿಲ್ಲದೆ ಕೇಳಿತ್ತು. ಒಳ್ಳೆಯ ಉದಾಹರಣೆ.

ಅಂಚಿನ ಸ್ಲೈಡರನ್ನು ಹಿಡಿದಳು. ನುಣುಪಿನಿಂದ ಆಚೆಗೆ ಎಳೆದಳು, ಇನ್ನೂ ಸ್ವಲ್ಪ, ಬೆರಳಿಗೆ ಆ ದಿನ ಸಿಕ್ಕದ್ದು ಎಲ್ಲಿ ನಿಂತಿತೋ ಅಲ್ಲಿವರೆಗೆ. ಬೇರು ಬಿಟ್ಟಂತೆ, ಅಲುಗಾಡದಂತೆ. ಗುಂಡಿ ಒತ್ತಿದಳು. ಬೂದಿ. ಬೂದಿ ಸರಿಯುವುದನ್ನು ಈ ಸಲ ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅದೇ ಎದೆ, ಅದೇ ಮಂಜು. ನಾಲ್ಕು ಗಂಟೆಯ ಜಾಗದಲ್ಲಿ ಒಂದು ಬಿಳಿ ಚುಕ್ಕೆ, ಅದರಿಂದ ಸುತ್ತಲೂ ಹೊರಟ ಸಣ್ಣ ಸಣ್ಣ ಗೆರೆಗಳು, ಸುತ್ತಲಿನದನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತಿರುವಂತೆ. ಕೆಳಗಿನ ಖಾನೆಯಲ್ಲಿ ಗೆರೆ ಮಿಣುಕುತ್ತಿತ್ತು, ಏನಾದರೂ ಬರೆಯಲಿ ಎಂದು. ಬರೆಯದಿದ್ದರೆ ಚಿತ್ರ ಉಳಿಯುವುದಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಸಾವಿರ ಸಲ ಬರೆದದ್ದನ್ನೇ ಬರೆದಳು: ಬಲವಾದ ಅನುಮಾನ. ತಡ ಮಾಡದೆ ಸೂಜಿ ಹಾಕಿ ಪರೀಕ್ಷಿಸಬೇಕು.

"ಅಬ್ಬಾ!" ಗುಬ್ಬಿ ಊಟ ಮುಗಿಸಿ ಬಂದು ಹಿಂದೆ ನಿಂತಿದ್ದಳು, ಬೆರಳು ನೆಕ್ಕುತ್ತ. "ಇದು ಮಾತ್ರ ನಿಜದ್ದೇ ಅನ್ಸುತ್ತೆ ಡಾಕ್ಟ್ರೇ. ಪಾಪ, ಯಾರೋ ಏನೋ."

"ಯಾರೂ ಅಲ್ಲ ಮಾರಾಯ್ತಿ. ಮಾಡಿದ್ದು."

"ಗೊತ್ತು. ಆದ್ರೂ ಪಾಪ ಅನ್ಸುತ್ತಪ್ಪ." ಆಮೇಲೆ, "ಕೈ ಹೇಗಿದೆ?"

"ಪರವಾಗಿಲ್ಲ."

ಮನೆಯಲ್ಲಿ ಮಗಳು ಊಟದ ಮೇಜಿನ ತುಂಬ ಪುಸ್ತಕ ಹರಡಿಕೊಂಡು ಕೂತಿದ್ದಳು. ಮುಂದಿನ ತಿಂಗಳು ಪರೀಕ್ಷೆ. ಮೇಜಿನ ಒಂದು ಮೂಲೆ ಮಾತ್ರ ಊಟಕ್ಕೆ ಉಳಿದಿತ್ತು, ಮೂವರೂ ಸರದಿಯ ಮೇಲೆ ಉಣ್ಣುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರಾದ ಗಂಡ ಅವತ್ತಿನ ದೂರಿನ ಕತೆ ಹೇಳುತ್ತ ಒಲೆಯ ಮುಂದೆ ನಿಂತಿದ್ದ. ಒಬ್ಬಾತ ಒಂದು ವಾರದಿಂದ ನೀರಿಲ್ಲ ಎಂದು ದಿನಾ ಫೋನು ಮಾಡಿ ಬೈಯುತ್ತಿದ್ದನಂತೆ. ಬೀದಿಯೆಲ್ಲ ಅಗೆಸಿ ನೋಡಿದರೆ ಅವನ ಮನೆಯೊಳಗಿನ ವಾಲ್ವನ್ನೇ ಯಾರೋ ಮುಚ್ಚಿದ್ದರಂತೆ. "ಬೀದಿ ಅಗೆಯೋ ಮೊದಲು ಮನೆಯೊಳಗೆ ನೋಡಯ್ಯಾ ಅಂದ್ರೆ ಕೇಳಲ್ಲ," ಎಂದು ಅವನು ನಗುವಾಗ ಅವಳು ಚಪ್ಪಲಿ ಬಿಡುತ್ತಿದ್ದಳು. ಮಗಳು ಕುರ್ಚಿಯಿಂದ ಚಿಮ್ಮಿ ಎದ್ದಳು: "ಅಮ್ಮಾ, ಮಾದರಿ ಪರೀಕ್ಷೇಲಿ ನಾನೇ ಫಸ್ಟು!" ಎಂದು ಎರಡು ಕೈ ಚಾಚಿಕೊಂಡು ಬಂದಳು. ಅವಳು ನಕ್ಕು, ಎಡಗೈ ಚಾಚಿ, ಎಡಭುಜ ಮುಂದೆ ಮಾಡಿ, ಬಲಬದಿಯನ್ನು ಹಿಂದಕ್ಕೆ ಒಯ್ದು ಮಗಳನ್ನು ಅಪ್ಪಿಕೊಂಡಳು.

"ಇದೇನಮ್ಮಾ, ಬಸ್ಸಲ್ಲಿ ಸೀಟು ಕೊಡೋರ ಹಾಗೆ ಪಕ್ಕಕ್ಕೆ ಸರೀತೀಯ?" ಮಗಳು ಮುಖ ಎತ್ತಿ ನೋಡಿದಳು. "ಇತ್ತೀಚೆಗೆ ಯಾವಾಗ್ಲೂ ಹೀಗೇ. ಅರ್ಧ ಅಪ್ಪುಗೆ."

"ಅರ್ಧ ನಿಂಗೆ, ಅರ್ಧ ಆಫೀಸಿಗೆ," ಎಂದ ಗಂಡ ಒಲೆಯ ಕಡೆಯಿಂದ. "ನನ್ನ ಪಾಲು ಕೇಳಲೇಬೇಡ."

"ಪರೀಕ್ಷೆ ಮುಗೀಲಿ," ಎಂದಳು ಅವಳು ಮಗಳ ಕೆನ್ನೆ ತಟ್ಟಿ. "ಪೂರ್ತಿ ಕೊಡ್ತೀನಿ."

ಮಾತು ಬಾಯಿಂದ ಬಿದ್ದ ಮೇಲೆ ಅದರ ದನಿ ಕೇಳಿಸಿತು. ಎಲ್ಲಿಯೂ ತಡವರಿಸದ, ಎಷ್ಟೋ ದಿನದಿಂದ ಸಿದ್ಧವಾಗಿದ್ದಂಥ ದನಿ. ಹೌದು, ಸಿದ್ಧವಾಗಿತ್ತು. ಈ ಮನೆಯಲ್ಲಿ ಈಗ ಆಸ್ಪತ್ರೆ ಎಂಬ ಪದ ಬಂದರೆ ಇವಳ ಓದು ಹಾಳು. ಒಂದು ತಿಂಗಳು ತಾನೆ, ಆಮೇಲೆ ನೋಡಿದರಾಯಿತು ಎಂದು ಅವಳೊಳಗೆ ಯಾರೋ ಲೆಕ್ಕ ಹಾಕಿ ಮುಗಿಸಿದ್ದರು, ಅವಳನ್ನು ಕೇಳದೆ. ಅಂದು ವಾರ್ಡಿನಲ್ಲಿ ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಹಿಂದಿರುಗಿ ಬಂದು, ಪರದೆಯನ್ನು ಎಳೆದು, ಹಲ್ಲು ಕಚ್ಚಿ ಕೇಳಿದ್ದಳು: "ಮನೇಲಿ ಡಾಕ್ಟ್ರು ಓದೋಳನ್ನ ಇಟ್ಕೊಂಡು ಯಾಕಮ್ಮಾ ಮುಚ್ಚಿಟ್ಟೆ? ಬುದ್ಧಿ ಇಲ್ವಾ ನಿಂಗೆ?" ಅಮ್ಮ ಹೊದಿಕೆಯ ಅಂಚನ್ನು ಸರಿಮಾಡುತ್ತ, ತಪ್ಪು ಮಾಡಿದ ಮಗುವಿನ ಹಾಗೆ, "ನಿನ್ನ ಪರೀಕ್ಷೆ ಮುಗೀಲಿ ಅಂತಿದ್ದೆ ಕಣೇ" ಎಂದಿದ್ದಳು. ಆ ಉತ್ತರದಿಂದ ಅವಳಿಗೆ ಇನ್ನೂ ಸಿಟ್ಟು ಬಂದಿತ್ತು. ತಪ್ಪನ್ನೆಲ್ಲ ತಂದು ತನ್ನ ತಲೆಗೆ ಕಟ್ಟಿದಳಲ್ಲ ಎಂದು. ಅಮ್ಮನ ಆ ಉತ್ತರ ಪೂರ್ತಿ ನಿಜವಲ್ಲ ಎಂದು ಇವತ್ತು, ಚಪ್ಪಲಿ ಬಿಟ್ಟ ಬರಿಗಾಲಿನಲ್ಲಿ ಬಾಗಿಲಲ್ಲಿ ನಿಂತಾಗ ಹೊಳೆಯಿತು. ಅಮ್ಮ ಹೆದರಿದ್ದಳು. ಅಷ್ಟೇ. ಹೆದರಿದವರಿಗೆ ಎದುರಿಗೆ ಯಾವ ಒಳ್ಳೆಯ ಕಾರಣ ಸಿಕ್ಕುತ್ತದೋ ಅದನ್ನು ಮೇಲೆ ಹೊದ್ದುಕೊಳ್ಳುತ್ತಾರೆ. ಮಕ್ಕಳ ಹೆಸರಿನದು ಎಲ್ಲಕ್ಕಿಂತ ಬೆಚ್ಚನೆಯ ಹೊದಿಕೆ. ಪರೀಕ್ಷೆ ಮುಗಿದಿದ್ದರೆ ಅಮ್ಮ ಇನ್ನೊಂದು ಹುಡುಕುತ್ತಿದ್ದಳು. ತಿಳಿವಳಿಕೆ ಇಲ್ಲದವಳಲ್ಲ. ತನ್ನಷ್ಟೇ ತಿಳಿದವಳು.

"ಅಯ್ಯೋ, ಕೈಗೇನಾಯ್ತು?" ಗಂಡ ಪಟ್ಟಿ ನೋಡಿದ್ದ.

"ಏನಿಲ್ಲ. ಪೆನ್ನು ಹಿಡಿದು ಹಿಡಿದು."

"ಏನಿಲ್ಲ ಅಂದ್ರೆ ಪಟ್ಟಿ ಯಾಕೆ? ಕೂತ್ಕೋ ಇಲ್ಲಿ. ವೈದ್ಯರ ಮನೇಲೇ ವೈದ್ಯಕ್ಕೆ ಬರ." ಒಲೆ ಆರಿಸಿ, ಮುಲಾಮಿನ ಡಬ್ಬಿ ತಂದು, ಮಗಳ ಪುಸ್ತಕಗಳನ್ನು ಸರಿಸಿ ಅವಳನ್ನು ಕೂರಿಸಿದ. ಗುಬ್ಬಿ ಅಷ್ಟು ಶ್ರದ್ಧೆಯಿಂದ ಸುತ್ತಿದ ಪಟ್ಟಿಯನ್ನು ಅಷ್ಟೇ ಶ್ರದ್ಧೆಯಿಂದ ಬಿಚ್ಚಿದ. ಮುಲಾಮಿನ ಘಾಟಿಗೆ ಮಗಳು ಮೂಗು ಮುಚ್ಚಿಕೊಂಡು ಎದ್ದು ಒಳಗೆ ಹೋದಳು. ಗಂಡನ ಹೆಬ್ಬೆರಳು ದಪ್ಪಗಿತ್ತು, ಒರಟಾಗಿತ್ತು. ಏನೂ ಆಗದ ಮಣಿಕಟ್ಟಿನ ಮೇಲೆ ಅದು ಮೆಲ್ಲಗೆ ಸುತ್ತು ಹಾಕುತ್ತ ನೋವನ್ನು ಹುಡುಕತೊಡಗಿತು.

"ಇಲ್ಲೇನಾ?"

"ಹ್ಞೂಂ."

"ಅಥವಾ ಇನ್ನೂ ಮೇಲಾ? ಸರಿಯಾಗಿ ಹೇಳು, ನಾಚ್ಕೋಬೇಡ."

ಹೇಳಿದರೆ ಈ ಕೈ ನಿಲ್ಲುತ್ತದೆ. ನಿಂತು, ಇನ್ನು ಮುಂದೆ ಯಾವಾಗ ಅವಳನ್ನು ಮುಟ್ಟಿದರೂ ಬೇರೆ ರೀತಿಯಲ್ಲಿ ಮುಟ್ಟುತ್ತದೆ. ಅವಳು ಈ ಕೈಯನ್ನು ಹೀಗೇ, ದಡ್ಡದಾಗಿ, ತಪ್ಪು ಜಾಗದಲ್ಲಿ, ಇನ್ನು ಕೆಲವು ದಿನ ಇಟ್ಟುಕೊಳ್ಳುತ್ತಾಳೆ. ಅಷ್ಟು ಕಳ್ಳತನ ಸಾಕು. ಅಮ್ಮನಷ್ಟು ಬೇಡ. ನಾಳೆ ಬೆಳಿಗ್ಗೆ ಆಫೀಸಿನ ಬಸ್ಸು ಹತ್ತುವುದಿಲ್ಲ; ಹಿಂದೆ ತಾನು ಕೆಲಸ ಮಾಡಿದ ಆಸ್ಪತ್ರೆಗೂ ಹೋಗುವುದಿಲ್ಲ, ತನ್ನನ್ನು ಬಲ್ಲವರಿಲ್ಲದ ದೊಡ್ಡಾಸ್ಪತ್ರೆಯಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಾಳೆ. ಬಟ್ಟೆ ಬಿಚ್ಚಿ, ತಣ್ಣನೆಯ ಫಲಕದ ಮೇಲೆ ಎದೆಯಿಟ್ಟು, ಉಸಿರು ಹಿಡಿ ಎಂದಾಗ ಹಿಡಿಯುತ್ತಾಳೆ. ಹೊರಗೆ ಬೆಂಚಿನ ಮೇಲೆ ಕೂತು, ಬಾಗಿಲು ತೆರೆದು ಬರುವ ಡಾಕ್ಟರ ಮುಖವನ್ನು ಓದುತ್ತಾಳೆ. ಅವಳಿಗೆ ಓದಲು ಬರುತ್ತದೆ, ಅದೊಂದು ಕಷ್ಟ.

"ನಾಳೆ ನಾನು ಸ್ವಲ್ಪ ಬೇಗ ಹೊರಡ್ತೀನಿ," ಎಂದಳು.

"ಯಾಕೆ, ಇನ್ನೂ ಕೈ ಮುರ್ಕೊಳ್ಳೋಕಾ?"

"ಕೆಲಸ ಬಾಕಿ ಇದೆ."

"ಸರಿ, ಹಾಗಾದ್ರೆ ಇವಳ ತಿಂಡಿ ನಾನು ನೋಡ್ಕೋತೀನಿ." ಅವನು ಡಬ್ಬಿಯಿಂದ ಇನ್ನೊಂದು ಬೆರಳು ಮುಲಾಮು ತೆಗೆದ. "ಇಲ್ಲೇ ತಾನೆ ನೋವು?"

"ಅಲ್ಲೇ," ಎಂದು ಅವಳು ಕೈಯನ್ನು ಇನ್ನಷ್ಟು ಅವನ ಕಡೆಗೆ ಚಾಚಿದಳು.